ಪಾಸಿಂಗ್ ಪ್ಯಾಕೇಜಿನಲ್ಲಿ ಸಿಗದ ಅರ್ಧ ಅಂಕಗಳು

ಮಾನ್ಯರೇ,

ಸಂಕ್ರಾಂತಿ ಕಳೆಯುತ್ತಿದ್ದಂತೆ ಹತ್ತನೇ ತರಗತಿ ಮಕ್ಕಳಿರುವ ಮನೆಗಳ ವಾಟ್ಸ್‌ಆ್ಯಪ್‌ಗೆ ಪಾಸಿಂಗ್ ಪ್ಯಾಕೇಜ್‌ಗಳು ಬಂದು ಬೀಳತೊಡಗುತ್ತವೆ. ವಿಜ್ಞಾನದ ಪ್ಯಾಕೇಜ್ ಎಂದರೆ ಒಂದಷ್ಟು ಚಿತ್ರ, ಒಂದಷ್ಟು ವ್ಯಾಖ್ಯೆ, ನಾಲ್ಕಾರು ವ್ಯತ್ಯಾಸ, ಕೊನೆಯಲ್ಲಿ ‘ಇಷ್ಟು ಓದಿದರೆ ಪಾಸು ಗ್ಯಾರಂಟಿ’ ಎಂಬ ಭರವಸೆ. ಇದನ್ನು ಕೂತು ತಯಾರಿಸುವ ಶಿಕ್ಷಕರ ಶ್ರಮವನ್ನು ಹಗುರ ಮಾಡುವುದು ಈ ಪತ್ರದ ಉದ್ದೇಶವಲ್ಲ. ಏನೂ ಓದದೆ ಕೂತ ಮಗುವಿಗೆ ಅದು ಊರುಗೋಲೇ ಸರಿ. ಆದರೆ ಪ್ಯಾಕೇಜು ಹೇಳುವುದು ಯಾವ ಪ್ರಶ್ನೆ ಬರಬಹುದು ಎಂಬುದನ್ನು ಮಾತ್ರ. ಬಂದ ಪ್ರಶ್ನೆಯಲ್ಲಿ ಅಂಕ ಎಲ್ಲಿ ಕೂತಿರುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಂಬ ಮಾತೇ ಅದರಲ್ಲಿರುವುದಿಲ್ಲ. ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಐದಂಕದ ಪ್ರಶ್ನೆಯನ್ನೇ ಬಿಟ್ಟು ಬರುವ ಮಕ್ಕಳೂ ಇದ್ದಾರೆ. ಆದರೆ ಓದಿಕೊಂಡು ಹೋಗಿಯೂ ಅರ್ಧರ್ಧ ಅಂಕವಾಗಿ ಹದಿನೈದಿಪ್ಪತ್ತು ಕಳೆದುಕೊಳ್ಳುವವರ ಕಡೆಗೆ ಯಾರೂ ನೋಡುತ್ತಿಲ್ಲ.

ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಗ್ರೇಸ್ ಅಂಕವನ್ನು ಹೆಚ್ಚಿಸಿದ ಮೇಲೆ. 2025ರ ಪರೀಕ್ಷೆ-1ರಲ್ಲಿ ಅದು ಶೇ 62.34. ಕೊಠಡಿಯೊಳಗೆ ಮಗುವಿನ ಕೈಯಲ್ಲಿರುವುದು ಪೆನ್ನು, ಪೆನ್ಸಿಲ್, ಸ್ಕೇಲು ಅಷ್ಟೇ ಎಂದಾದ ಮೇಲೆ ತಯಾರಿಯ ಮಾತನ್ನು ಇನ್ನಷ್ಟು ಬಿಡಿಸಿ ಆಡಬೇಕಾಗಿದೆ.

ಮೊದಲು ಪತ್ರಿಕೆಯ ಲೆಕ್ಕ. ಈಚಿನ ವರ್ಷಗಳ ಮಾದರಿಯಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಒಟ್ಟು 38 ಪ್ರಶ್ನೆ: ಒಂದಂಕದ ಬಹು ಆಯ್ಕೆಯವು 8, ಉಳಿದ ಒಂದಂಕದವು 8, ಎರಡಂಕದವು 8, ಮೂರಂಕದವು 9, ನಾಲ್ಕಂಕದವು 4, ಐದಂಕದ್ದು 1. ಪ್ಯಾಕೇಜುಗಳ ಕಣ್ಣೆಲ್ಲ ನಾಲ್ಕೈದು ಅಂಕದ ಪ್ರಶ್ನೆಗಳ ಮೇಲೆ. ಅವೆಲ್ಲ ಸೇರಿದರೆ 21 ಅಂಕ. ಒಂದು ಮತ್ತು ಎರಡಂಕದ ಸಣ್ಣ ಪ್ರಶ್ನೆಗಳದ್ದೇ 32, ಮೂರಂಕದವುಗಳದ್ದೇ 27. ಗಂಟುಮೂಟೆ ಇರುವುದು ಈ 59 ಅಂಕದಲ್ಲಿ. ಇವು ಪಾಠದ ನಡುವಿನ ಸಾಲುಗಳಿಂದ, ಚಟುವಟಿಕೆಗಳಿಂದ, ಚಿತ್ರದ ಕೆಳಗಿನ ಬರಹದಿಂದ ಎದ್ದು ಬರುತ್ತವೆ. ಪ್ಯಾಕೇಜಿನಲ್ಲಿ ಅವನ್ನು ಹಿಡಿದಿಡಲು ಆಗುವುದಿಲ್ಲ.

ಬಹು ಆಯ್ಕೆಯ ಪ್ರಶ್ನೆಗೆ ಕ್ರಮಾಕ್ಷರದ ಜತೆ ಪೂರ್ಣ ಉತ್ತರ ಬರೆಯಬೇಕೆಂದು ಪತ್ರಿಕೆಯಲ್ಲೇ ಅಚ್ಚಾಗಿರುತ್ತದೆ. ಆದರೂ ‘ಬಿ’ ಎಂದು ಗೀಚಿ ಮುಂದೆ ಹೋಗುವವರಿದ್ದಾರೆ. ಪತ್ರಿಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಎಂದು ಮೂರು ಭಾಗವಾಗಿ, ಅದೇ ಕ್ರಮದಲ್ಲಿ ಬರುತ್ತದೆ. ಭೌತಶಾಸ್ತ್ರಕ್ಕೆ ಹೆದರುವ ಮಗು ಅದರಲ್ಲೇ ಒಂದೂವರೆ ಗಂಟೆ ಒದ್ದಾಡಿ, ಕೈಗೆ ಸುಲಭವಾಗಿ ಸಿಗುತ್ತಿದ್ದ ಜೀವಶಾಸ್ತ್ರವನ್ನು ಕೊನೆಯ ಅರ್ಧ ಗಂಟೆಯಲ್ಲಿ ಹರಿದುಹಾಕುತ್ತದೆ. ಯಾವ ಭಾಗವನ್ನು ಮೊದಲು ಬರೆದರೂ ಅಡ್ಡಿಯಿಲ್ಲ, ಪ್ರಶ್ನೆಸಂಖ್ಯೆ ಮಾತ್ರ ತಪ್ಪಬಾರದು. ಬರೆಯಲು ಇರುವುದು 180 ನಿಮಿಷ, ಅಂದರೆ ಅಂಕವೊಂದಕ್ಕೆ ಎರಡೂಕಾಲು ನಿಮಿಷ. ಮೊದಲ 15 ನಿಮಿಷ ಓದುವುದಕ್ಕೆ. ಆಗಲೇ ‘ಅಥವಾ’ ಇರುವ ಪ್ರಶ್ನೆಗಳಲ್ಲಿ ಯಾವುದನ್ನು ಬರೆಯುವುದೆಂದು ತೀರ್ಮಾನಿಸಿಬಿಡಬೇಕು. ಅರ್ಧ ಬರೆದು ಹೊಡೆದುಹಾಕಿ ಇನ್ನೊಂದಕ್ಕೆ ಹೋಗುವುದರಲ್ಲಿ ಎಂಟು ಹತ್ತು ನಿಮಿಷ ಹಾಳಾಗುತ್ತದೆ.

ಇನ್ನು ಅಂಕ ಸೋರುವ ಜಾಗಗಳು. ಮಸೂರದ ಒಂದು ಲೆಕ್ಕವನ್ನೇ ತೆಗೆದುಕೊಳ್ಳಿ. ಸಂಗಮದೂರ 20 ಸೆಂ.ಮೀ. ಇರುವ ಪೀನ ಮಸೂರದ ಮುಂದೆ 30 ಸೆಂ.ಮೀ. ದೂರದಲ್ಲಿ ವಸ್ತು ಇದೆ, ಪ್ರತಿಬಿಂಬ ಎಲ್ಲಿ? ಮಸೂರದ ಸೂತ್ರ 1/ವಿ − 1/ಯು = 1/ಎಫ್ (ವಿ ಪ್ರತಿಬಿಂಬದ ದೂರ, ಯು ವಸ್ತುವಿನ ದೂರ, ಎಫ್ ಸಂಗಮದೂರ). ವಸ್ತು ಎಡಗಡೆ ಇರುವುದರಿಂದ ಯು = −30, ಪೀನ ಮಸೂರವಾದ್ದರಿಂದ ಎಫ್ = +20. ಆಗ 1/ವಿ = 1/20 − 1/30 = 1/60, ಅಂದರೆ ವಿ = +60 ಸೆಂ.ಮೀ. ವರ್ಧನೆ ವಿ/ಯು = −2. ಪ್ರತಿಬಿಂಬ ಸತ್ಯ, ತಲೆಕೆಳಗು, ಎರಡು ಪಟ್ಟು ದೊಡ್ಡದು.

ಈ ಲೆಕ್ಕದಲ್ಲಿ ಎರಡು ತಪ್ಪು ಪದೇಪದೇ ಕಾಣುತ್ತವೆ. ಒಂದು, ಯುವಿನ ಋಣ ಚಿಹ್ನೆ ಮರೆಯುವುದು. ಇನ್ನೊಂದು, ಮಸೂರದ ಸೂತ್ರದ ಬದಲು ದರ್ಪಣದ ಸೂತ್ರ ಬರೆಯುವುದು, ಅಂದರೆ ನಡುವೆ ಕಳೆಯುವ ಚಿಹ್ನೆಯ ಜಾಗದಲ್ಲಿ ಕೂಡುವ ಚಿಹ್ನೆ. ಎರಡರಲ್ಲಿ ಯಾವುದನ್ನು ಮಾಡಿದರೂ ಬರುವ ಉತ್ತರ ಒಂದೇ: 12 ಸೆಂ.ಮೀ. ತಮಾಷೆಯೆಂದರೆ ಎರಡು ತಪ್ಪನ್ನೂ ಒಟ್ಟಿಗೆ ಮಾಡಿದ ಮಗುವಿಗೆ ಸರಿಯುತ್ತರ 60 ಸಿಕ್ಕಿಬಿಡುತ್ತದೆ. ‘ಉತ್ತರ ಸರಿ ಬಂದಿತ್ತಲ್ಲ, ಅಂಕ ಯಾಕೆ ಕಳೆದರು’ ಎಂದು ಮನೆಯಲ್ಲಿ ಜಗಳವಾಗುವುದು ಇಂಥ ಕಡೆಯೇ. ಸೂತ್ರಕ್ಕೆ, ಬೆಲೆಗಳನ್ನು ಆದೇಶಿಸಿದ್ದಕ್ಕೆ (ಸೂತ್ರದಲ್ಲಿ ತುಂಬಿದ್ದಕ್ಕೆ) ಬೇರೆ ಬೇರೆ ಅಂಕ ಇರುತ್ತದೆ, ಕೊನೆಯ ಸಂಖ್ಯೆಗೆ ಸಿಗುವುದು ಅದರ ಪಾಲು ಮಾತ್ರ. ನಿಮ್ನ ಮಸೂರದ ಲೆಕ್ಕ ಬಂದ ದಿನ ಈ ಜೋಡಿತಪ್ಪಿನ ಜತೆ ಎಫ್‌ನ ಋಣ ಚಿಹ್ನೆಯನ್ನೂ ಮರೆತರೆ ಕೊನೆಯ ಸಂಖ್ಯೆಯೂ ಕೈಕೊಡುತ್ತದೆ.

12 ತಪ್ಪು ಎಂದು ಮಗು ತಾನೇ ಹಿಡಿಯುವ ಉಪಾಯವಿದೆ. ವಸ್ತು ಇರುವುದು 20 ಮತ್ತು 40ರ ನಡುವೆ, ಅಂದರೆ ಎಫ್1 (ವಸ್ತುವಿನ ಬದಿಯ ಸಂಗಮಬಿಂದು) ಮತ್ತು 2ಎಫ್1 (ಅದರ ಎರಡು ಪಟ್ಟು ದೂರದ ಬಿಂದು) ನಡುವೆ. ಹಾಗಿದ್ದಾಗ ಪ್ರತಿಬಿಂಬ ಇನ್ನೊಂದು ಬದಿಯಲ್ಲಿ 2ಎಫ್2ರ ಆಚೆ, 40 ಸೆಂ.ಮೀ.ಗಿಂತ ದೂರ ಬೀಳಲೇಬೇಕು. ರೇಖಾಚಿತ್ರ ಒಂದು ಪಾಠ, ಲೆಕ್ಕ ಇನ್ನೊಂದು ಪಾಠ ಎಂದು ಕಲಿತ ಮಗುವಿಗೆ ಇದು ಹೊಳೆಯುವುದಿಲ್ಲ. ಇದೇ ಲೆಕ್ಕವನ್ನು ಹತ್ತನೇ ಒಂದು ಅಳತೆಗೆ ಇಳಿಸಿ ನೋಟ್‌ಬುಕ್ಕಿನಲ್ಲಿ ಬರೆಸಿ ನೋಡಿ: ದ್ಯುತಿ ಕೇಂದ್ರದಿಂದ 2 ಸೆಂ.ಮೀ.ಗೆ ಎಫ್, 4 ಸೆಂ.ಮೀ.ಗೆ 2ಎಫ್, ಎಡಗಡೆ 3 ಸೆಂ.ಮೀ. ದೂರದಲ್ಲಿ 1.5 ಸೆಂ.ಮೀ. ಎತ್ತರದ ವಸ್ತು. ವಸ್ತುವಿನ ತುದಿಯಿಂದ ಪ್ರಧಾನಾಕ್ಷಕ್ಕೆ ಸಮಾಂತರವಾಗಿ ಹೊರಟ ಕಿರಣ ಮಸೂರದ ನಡುಗೆರೆಯಲ್ಲಿ ಬಾಗಿ ಎಫ್2 ಮೂಲಕ ಹೋಗಲಿ, ಇನ್ನೊಂದು ದ್ಯುತಿ ಕೇಂದ್ರದ ಮೂಲಕ ನೇರ ಹೋಗಲಿ. ಎರಡೂ ಕೂಡುವ ಬಿಂದು ಸ್ಕೇಲಿನಲ್ಲಿ 6 ಸೆಂ.ಮೀ.ಗೆ, ಅಕ್ಷದಿಂದ 3 ಸೆಂ.ಮೀ. ಕೆಳಗೆ ಸಿಗುತ್ತದೆ. ಲೆಕ್ಕದ 60 ಮತ್ತು −2 ಎರಡೂ ಕಾಗದದ ಮೇಲೆ ಬಂದಂತಾಯಿತು. ಪೆನ್ಸಿಲ್ ಚೂಪಾಗಿಲ್ಲದಿದ್ದರೆ ಒಂದೆರಡು ಮಿಲಿಮೀಟರ್ ಆಚೀಚೆ ಆದೀತು, ಅಷ್ಟೇ.

ಇಂಥ ಚಿತ್ರಗಳಲ್ಲಿ ಅಂಕ ಕಳೆಯುವುದು ಕಿರಣಕ್ಕೆ ಬಾಣದ ಗುರುತು ಹಾಕದ್ದಕ್ಕೆ, ಮಿಥ್ಯ ಪ್ರತಿಬಿಂಬಕ್ಕೆ ಹೋಗುವ ಗೆರೆಯನ್ನು ಚುಕ್ಕೆಗೆರೆಯಾಗಿ ಎಳೆಯದ್ದಕ್ಕೆ, ಎಫ್1, ಎಫ್2 ಅದಲುಬದಲು ಮಾಡಿದ್ದಕ್ಕೆ. ಮಸೂರದ ಸಾಮರ್ಥ್ಯ ಕೇಳಿದಾಗ 1/20 ಎಂದು ಮಾಡಿ 0.05 ಡಯಾಪ್ಟರ್ ಎಂದು ಬರೆಯುವುದು ಇನ್ನೊಂದು ಮಾಮೂಲಿ ತಪ್ಪು. ಸಂಗಮದೂರ ಮೀಟರಿನಲ್ಲಿರಬೇಕು: 0.2 ಮೀಟರ್, ಸಾಮರ್ಥ್ಯ +5 ಡಯಾಪ್ಟರ್.

ವಿದ್ಯುತ್ತಿನ ಪಾಠದಲ್ಲೂ ಏಕಮಾನದ್ದೇ ಕಾಟ. 750 ವ್ಯಾಟ್ ಇಸ್ತ್ರಿಪೆಟ್ಟಿಗೆ ದಿನಕ್ಕೆ ಒಂದು ಗಂಟೆಯಂತೆ 30 ದಿನ ಬಳಸಿದರೆ ಎಷ್ಟು ಯೂನಿಟ್? 0.75 ಕಿಲೋವ್ಯಾಟ್ ಇಂಟು 30 ಗಂಟೆ, 22.5 ಯೂನಿಟ್. ವ್ಯಾಟನ್ನು ಕಿಲೋವ್ಯಾಟ್ ಮಾಡದೆ 22,500 ಯೂನಿಟ್ ಎಂದು ಬರೆದ ಮಗುವಿಗೆ ಮನೆಯ ಕರೆಂಟ್ ಬಿಲ್ಲನ್ನು ಒಮ್ಮೆ ಕೈಗೆ ಕೊಟ್ಟಿದ್ದರೆ ಸಾಕಿತ್ತು. 6 ಮತ್ತು 3 ಓಮ್ ರೋಧಕಗಳನ್ನು ಸಮಾಂತರವಾಗಿ ಜೋಡಿಸಿದಾಗ 1/6 + 1/3 = 1/2 ಎಂಬಲ್ಲಿಗೆ ನಿಲ್ಲಿಸಿ ಅರ್ಧ ಓಮ್ ಎನ್ನುತ್ತಾರೆ. ತಿರುಗಿಸಿ 2 ಓಮ್ ಎಂದು ಬರೆಯುವ ಕೊನೆಯ ಹೆಜ್ಜೆ ಬಾಕಿ ಉಳಿದಿರುತ್ತದೆ. ಓಮನ ನಿಯಮವನ್ನು ಗಿಣಿಪಾಠದಂತೆ ಒಪ್ಪಿಸುವವರು ‘ತಾಪ ಸ್ಥಿರವಾಗಿದ್ದಾಗ’ ಎಂಬ ಮಾತನ್ನು ನುಂಗಿಬಿಡುತ್ತಾರೆ. ಆ ಮಾತಿಲ್ಲದಿದ್ದರೆ ಅದು ನಿಯಮವಾಗುವುದಿಲ್ಲ: ಬಲ್ಬಿನ ತಂತಿ ಕಾದಾಗ ಅದರ ರೋಧವೇ ಏರುತ್ತದೆ.

ರಸಾಯನಶಾಸ್ತ್ರಕ್ಕೆ ಬಂದರೆ ಸಮೀಕರಣ ಸರಿದೂಗಿಸುವುದು. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣದಲ್ಲಿ ಎಡಗಡೆ ಆಕ್ಸಿಜನ್ ಎರಡು, ಬಲಗಡೆ ಒಂದು. ಅದನ್ನು ಸರಿ ಮಾಡಲು ನೀರಿನ ಸೂತ್ರದ ಆಕ್ಸಿಜನ್ ಕೆಳಗೇ ಒಂದು ಪುಟ್ಟ 2 ಬರೆದುಬಿಡುತ್ತಾರೆ. ಲೆಕ್ಕವೇನೋ ಸರಿದೂಗಿತು, ಆದರೆ ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಆಯಿತು. ಸೂತ್ರದ ಒಳಗಿನ ಪುಟ್ಟ ಅಂಕಿಯನ್ನು ಮುಟ್ಟುವ ಹಾಗಿಲ್ಲ, ಸೂತ್ರದ ಮುಂದೆ ಮಾತ್ರ ಅಂಕಿ ಹಾಕಬಹುದು. ಅಲ್ಯೂಮಿನಿಯಂ ಮತ್ತು ತಾಮ್ರದ ಕ್ಲೋರೈಡ್ ವರ್ತಿಸುವ ಸಮೀಕರಣ ನೋಡಿ. ತಾಮ್ರದ ಕ್ಲೋರೈಡಿನಲ್ಲಿ ಕ್ಲೋರಿನ್ 2, ಅಲ್ಯೂಮಿನಿಯಂ ಕ್ಲೋರೈಡಿನಲ್ಲಿ 3. ಎರಡರ ಲ.ಸಾ.ಅ. 6. ಹಾಗಾಗಿ ಎಡಗಡೆ ತಾಮ್ರದ ಕ್ಲೋರೈಡ್ 3, ಬಲಗಡೆ ಅಲ್ಯೂಮಿನಿಯಂ ಕ್ಲೋರೈಡ್ 2. ಆಮೇಲೆ ಎಡಗಡೆ ಅಲ್ಯೂಮಿನಿಯಂ 2, ಬಲಗಡೆ ತಾಮ್ರ 3 ತಾವಾಗಿಯೇ ಕೂರುತ್ತವೆ. ಗಣಿತದ ಪೀರಿಯಡ್ಡಿನಲ್ಲಿ ಲ.ಸಾ.ಅ. ಸಲೀಸಾಗಿ ಮಾಡುವ ಮಗು ಇಲ್ಲಿ ಅದನ್ನು ಬಳಸುವುದಿಲ್ಲ, ಯಾಕೆಂದರೆ ಇಲ್ಲೂ ಅದೇ ಎಂದು ಯಾರೂ ಹೇಳಿರುವುದಿಲ್ಲ.

ಸ್ಥಾನಪಲ್ಲಟ ಕ್ರಿಯೆಗಂತೂ ಮಲೆನಾಡಿನ ಅಡಿಕೆ ತೋಟದಲ್ಲೇ ಪ್ರಯೋಗಶಾಲೆ ಇದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆ.ಜಿ. ಸುಣ್ಣ. ಎರಡನ್ನೂ ಬೆರೆಸಿದ ಮೇಲೆ ಹದ ನೋಡಲು ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕಂದುಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ತಿಳಿ ಹಾಕುತ್ತಾರೆ. ಆ ಲೇಪ ತಾಮ್ರವೇ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಹಾಗಾಗಿ ದ್ರಾವಣದಲ್ಲಿ ಉಳಿದ ತಾಮ್ರವನ್ನು ಹೊರಗೆ ತಳ್ಳಿ ಆ ಜಾಗಕ್ಕೆ ತಾನು ಹೋಗುತ್ತದೆ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡದೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕದಡುವುದೂ ಅದಕ್ಕೇ. ‘ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟಾಗ ನೀಲಿ ಬಣ್ಣ ಮಾಸುತ್ತದೆ, ಏಕೆ?’ ಎಂಬ ಪ್ರಶ್ನೆಗೆ ‘ಸ್ಥಾನಪಲ್ಲಟ ಕ್ರಿಯೆ ನಡೆಯುವುದರಿಂದ’ ಎಂದು ಒಂದು ಸಾಲು ಬರೆದರೆ ಪೂರ್ತಿ ಅಂಕ ಬರುವುದಿಲ್ಲ. ಕಬ್ಬಿಣ ಹೆಚ್ಚು ಕ್ರಿಯಾಶೀಲ, ಅದು ತಾಮ್ರವನ್ನು ಸ್ಥಾನಪಲ್ಲಟಗೊಳಿಸುತ್ತದೆ, ತಿಳಿಹಸಿರು ಬಣ್ಣದ ಕಬ್ಬಿಣದ ಸಲ್ಫೇಟ್ ಉಂಟಾಗುತ್ತದೆ: ಮೂರೂ ಬರಬೇಕು, ಜತೆಗೆ ಸಮೀಕರಣ. ಕತ್ತಿ ಅದ್ದಿ ನೋಡಿದ ಮಗುವಿಗೆ ಇದನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ನೀರಿನ ವಿದ್ಯುದ್ವಿಭಜನೆಯ ಚಿತ್ರ ಪ್ಯಾಕೇಜಿನಲ್ಲಿ ಇದ್ದೇ ಇರುತ್ತದೆ. ಮಕ್ಕಳು ಚೆಂದವಾಗಿಯೇ ಬರೆಯುತ್ತಾರೆ, ಎರಡೂ ಪ್ರನಾಳಗಳಲ್ಲಿ ಅನಿಲದ ಮಟ್ಟ ಮಾತ್ರ ಒಂದೇ ಸಮ. ಅಲ್ಲಿಗೆ ಪ್ರಯೋಗದ ತಿರುಳೇ ಹೋಯಿತು. ಋಣಾಗ್ರವಾದ ಕ್ಯಾಥೋಡಿನ ಮೇಲಿರುವ ಪ್ರನಾಳದಲ್ಲಿ ಹೈಡ್ರೋಜನ್, ಅದರ ಗಾತ್ರ ಇನ್ನೊಂದರಲ್ಲಿರುವ ಆಕ್ಸಿಜನ್ನಿನ ಎರಡರಷ್ಟು. ಬ್ಯಾಟರಿಯ ಧನ, ಋಣ ಗುರುತು ಹಾಕದಿದ್ದರೆ ಯಾವ ಪ್ರನಾಳದಲ್ಲಿ ಯಾವ ಅನಿಲ ಎಂಬುದೇ ತೀರ್ಮಾನವಾಗುವುದಿಲ್ಲ. ನೀರಿಗೆ ನಾಲ್ಕು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಏಕೆ ಎಂಬ ಒಂದಂಕದ ಪ್ರಶ್ನೆಯೂ ಇದೇ ಚಿತ್ರದೊಳಗಿದೆ: ಶುದ್ಧ ನೀರಿನಲ್ಲಿ ವಿದ್ಯುತ್ ಹರಿಯುವುದು ತೀರಾ ಕಡಿಮೆ.

ಜೀವಶಾಸ್ತ್ರದಲ್ಲಿ ಹೃದಯದ ಚಿತ್ರ. ನಮ್ಮೆದುರಿಗೆ ನಿಂತವರ ಹೃದಯವನ್ನು ನೋಡುವಂತೆ ಅದನ್ನು ಬರೆದಿರುವುದರಿಂದ ಹಾಳೆಯ ಬಲಗಡೆ ಇರುವುದು ಎಡ ಹೃತ್ಕುಕ್ಷಿ. ಇದನ್ನು ಒಮ್ಮೆ ಹೇಳದಿದ್ದರೆ ನಾಲ್ಕೂ ಕೋಣೆಗಳ ಹೆಸರು ತಿರುವುಮುರುವು. ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗಿರಬೇಕು, ಅದು ಇಡೀ ದೇಹಕ್ಕೆ ರಕ್ತ ತಳ್ಳಬೇಕಲ್ಲ. ಬಟಾಣಿ ಬೀಜದ ಆಕಾರ, ಬಣ್ಣ ಎಂಬ ಎರಡು ಗುಣಗಳನ್ನು ಒಟ್ಟಿಗೆ ನೋಡುವ ದ್ವಿತಳೀಕರಣದ ಚೆಕರ್‌ಬೋರ್ಡಿನಲ್ಲಿ ತಪ್ಪಾಗುವುದು 16 ಚೌಕ ತುಂಬುವಾಗ ಅಲ್ಲ, ಅದಕ್ಕೂ ಮೊದಲು, ಲಿಂಗಾಣು ಬರೆಯುವಾಗ. ಒಂದು ಲಿಂಗಾಣುವಿನಲ್ಲಿ ಆಕಾರದ್ದು ಒಂದಕ್ಷರ, ಬಣ್ಣದ್ದು ಒಂದಕ್ಷರ, ಅಷ್ಟೇ ಇರಬೇಕು. ಒಂದೇ ಗುಣದ ಎರಡಕ್ಷರ ಜತೆಗೆ ಬಂದಿದ್ದರೆ ಅಲ್ಲೇ ನಿಲ್ಲಿಸಿ ತಿದ್ದಬೇಕು. ನಾಲ್ಕು ಬಗೆಯ ಲಿಂಗಾಣು ಸರಿಯಾಗಿ ಬರೆದರೆ 9:3:3:1 ತಾನಾಗಿ ಬರುತ್ತದೆ. ಅನುಪಾತವನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಚೌಕಗಳನ್ನು ಅದಕ್ಕೆ ಹೊಂದಿಸಲು ಹೋದವರದ್ದು ಪರದಾಟ.

ಪದಗಳ ಬಗ್ಗೆಯೂ ಒಂದು ಮಾತು, ಕನ್ನಡ ಮಾಧ್ಯಮದವರಿಗೆ. ಹಳೆಯ ಗೈಡುಗಳು, ಟ್ಯೂಷನ್ ನೋಟ್ಸುಗಳು ಪಠ್ಯಪುಸ್ತಕದಲ್ಲಿಲ್ಲದ ಪದ ಬಳಸುತ್ತವೆ. ಪ್ರತ್ಯಾಮ್ಲ, ಕ್ಷಾರ ಒಂದೇ ಎಂದು ಬರೆದಿರುವುದುಂಟು. ನೀರಿನಲ್ಲಿ ಕರಗುವ ಪ್ರತ್ಯಾಮ್ಲ ಮಾತ್ರ ಕ್ಷಾರ. ರೋಧ ಮತ್ತು ರೋಧಶೀಲತೆ ಕೂಡ ಹಾಗೆಯೇ: ಒಂದು ತಂತಿಯನ್ನು ಅರ್ಧಕ್ಕೆ ತುಂಡು ಮಾಡಿದರೆ ರೋಧ ಅರ್ಧವಾಗುತ್ತದೆ, ರೋಧಶೀಲತೆ ಇದ್ದಷ್ಟೇ ಇರುತ್ತದೆ. ಹಳೆಯ ಚಕ್ಕುಲಿಯ ಜಿಡ್ಡು ವಾಸನೆಗೆ ಪುಸ್ತಕದಲ್ಲಿ ‘ಕಮಟುವಿಕೆ’ ಎಂಬ ಸೊಗಸಾದ ಕನ್ನಡ ಪದವೇ ಇದೆ. ಅಡುಗೆಮನೆಯ ಈ ಮಾತನ್ನು ಮಕ್ಕಳು ಪಾರಿಭಾಷಿಕವೆಂದು ಹೆದರಿ ಬಾಯಿಪಾಠ ಮಾಡುತ್ತಾರೆ! ಯಾವ ಪಾಠ ಪರೀಕ್ಷೆಗೆ ಇದೆ, ಯಾವುದು ಇಲ್ಲ ಎಂಬುದಕ್ಕೂ ಅಕ್ಕನ ಹಳೆಯ ಪುಸ್ತಕ, ಹಳೆಯ ಗೈಡು ನೋಡಬಾರದು. ಈ ವರ್ಷ ಶಾಲೆಯಲ್ಲಿ ಕೊಟ್ಟ ಪುಸ್ತಕದ ಪರಿವಿಡಿಯನ್ನೇ ನೋಡಬೇಕು.

ಉಳಿದಿರುವ ವಾರಗಳಲ್ಲಿ ಮನೆಯಲ್ಲಿ ಮಾಡಬಹುದಾದ್ದು ಇಷ್ಟು. ದಿನಕ್ಕೆ ಎರಡು ಚಿತ್ರ, ಪುಸ್ತಕ ಮುಚ್ಚಿ, ಒಂದೊಂದಕ್ಕೆ ಐದು ನಿಮಿಷ. ಬರೆದಾದ ಮೇಲೆ ಪುಸ್ತಕ ತೆರೆದು ಬಿಟ್ಟುಹೋದ ಬಾಣ, ಹೆಸರು, ಗುರುತನ್ನು ಕೆಂಪು ಪೆನ್ನಿನಲ್ಲಿ ತುಂಬುವುದು. ಮೂರನೇ ಸಲ ಬರೆಯುವಾಗ ಕೆಂಪು ಎಷ್ಟು ಕಡಿಮೆಯಾಗಿದೆ ಎಂಬುದೇ ಪ್ರಗತಿಯ ಲೆಕ್ಕ. ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆ, ಗಡಿಯಾರ ಇಟ್ಟುಕೊಂಡು. ಅದನ್ನು ಪರೀಕ್ಷಾ ಮಂಡಳಿ ಪ್ರಕಟಿಸುವ ಕೀ ಆನ್ಸರ್ ಎದುರಿಗಿಟ್ಟು ಮಗುವೇ ತಿದ್ದಬೇಕು. ಸೂತ್ರಕ್ಕೆ ಅರ್ಧ, ಆದೇಶಕ್ಕೆ ಅರ್ಧ ಎಂದು ಅಲ್ಲಿ ಬಿಡಿಬಿಡಿಯಾಗಿ ಕೊಟ್ಟಿರುವುದನ್ನು ಒಮ್ಮೆ ಕಂಡ ಮಗು ಮತ್ತೆಂದೂ ಸೂತ್ರ ಬರೆಯದೆ ಲೆಕ್ಕ ಶುರು ಮಾಡುವುದಿಲ್ಲ.

ಶಿಕ್ಷಣ ಇಲಾಖೆ ಮತ್ತು ಶಾಲೆಗಳಲ್ಲಿ ನಮ್ಮ ಕೋರಿಕೆ ಎರಡು. ಪ್ಯಾಕೇಜ್ ಮಾಡುವುದೇ ಆದರೆ ಪ್ರತಿ ಉತ್ತರದ ಪಕ್ಕದಲ್ಲಿ ಅಂಕ ಹಂಚಿಕೆ ಅಚ್ಚಾಗಲಿ, ಆ ಪ್ರಶ್ನೆಯಲ್ಲಿ ಮಕ್ಕಳು ಸಾಮಾನ್ಯವಾಗಿ ಮಾಡುವ ಒಂದು ತಪ್ಪೂ ಇರಲಿ. ಪುಟ ಹೆಚ್ಚಾಗುತ್ತದೆ ಎಂದಾದರೆ ಪ್ರಶ್ನೆಗಳ ಸಂಖ್ಯೆ ಅರ್ಧಕ್ಕಿಳಿಯಲಿ. ಎರಡನೆಯದು ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳು. ಮಾರ್ಕ್ಸ್ ಓದಿ ಹೇಳಿ ಅವನ್ನು ಕಟ್ಟುಕಟ್ಟಿ ಬೀರುವಿಗೆ ಸೇರಿಸುವ ರೂಢಿ ಹಲವು ಕಡೆ ಇದೆ. ತಿದ್ದಿದ ಒಂದು ವಾರದೊಳಗೆ ಅವು ಮಕ್ಕಳ ಕೈಗೆ ಬರಬೇಕು, ಕೀ ಆನ್ಸರ್ ಜತೆಗೆ, ಒಂದು ಪೀರಿಯಡ್ ಪೂರ್ತಿ ಅದಕ್ಕೇ ಮೀಸಲಾಗಿ. ಮುಂದಿನ ಪೂರ್ವಸಿದ್ಧತಾ ಪರೀಕ್ಷೆಯ ವೇಳಾಪಟ್ಟಿ ಹೊರಡಿಸುವಾಗ ಆ ಒಂದು ಪೀರಿಯಡ್ಡಿನ ದಿನಾಂಕವನ್ನೂ ಅದರಲ್ಲೇ ನಮೂದಿಸಿದರೆ ಒಳ್ಳೆಯದು.

ಇಬ್ಬರು ಪ್ರೌಢಶಾಲಾ ವಿಜ್ಞಾನ ಶಿಕ್ಷಕರು,
ತೀರ್ಥಹಳ್ಳಿ ತಾಲ್ಲೂಕು